ಹೆಸರು ಹಿಡಿದು ಸ್ತೋತ್ರ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರದ ಮಧ್ಯಾಹ್ನ. ಮುಂಬಯಿಯ ಸುತ್ತ ಭಾಂಡುಪಿನಲ್ಲಿ, ಡೊಂಬಿವಲಿಯಲ್ಲಿ, ಮೀರಾ ರೋಡಿನಲ್ಲಿ ನಮ್ಮವರ ಮನೆಗಳಲ್ಲಿ ಕುಕ್ಕರ್ ಕೂಗಿ ಆಗಿರಬೇಕು. ಆರಾಧನೆ ಮುಗಿಸಿ, ಲೋಕಲ್ ಹಿಡಿದು ಮನೆ ಸೇರಿದ್ದೀರಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ಮುಂದೆ ಕೂರುತ್ತೀರಿ. ಯಾರಾದರೂ ಒಬ್ಬರು ಕಣ್ಣು ಮುಚ್ಚಿ, "ಸ್ವಾಮಿ, ಈ ಊಟಕ್ಕೂ ಎಲ್ಲದಕ್ಕೂ ಸ್ತೋತ್ರ, ಆಮೆನ್" ಅನ್ನುತ್ತಾರೆ. ಎಣಿಸಿ ನೋಡಿ, ನಾಲ್ಕು ಸೆಕೆಂಡು. ಆಮೆನ್ ಬಾಯಲ್ಲಿರುವಾಗಲೇ ಕೈ ಸಾರಿನ ಸೌಟಿಗೆ ಹೋಗಿರುತ್ತದೆ.

ಸುಖದಲ್ಲೂ ಕಷ್ಟದಲ್ಲೂ ಕ್ರೈಸ್ತರು ಕೃತಜ್ಞತೆಯನ್ನು ಹೇಗೆ ರೂಢಿಸಿಕೊಳ್ಳಬೇಕು ಎಂಬುದು ಇವತ್ತಿನ ವಿಷಯ. ಇದರ ಬಗ್ಗೆ ಹತ್ತಾರು ಮಾತು ಹೇಳಬಹುದು. ನಾನು ಒಂದನ್ನೇ ಹೇಳುತ್ತೇನೆ, ಮತ್ತೆ ಮತ್ತೆ ಅದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೆಸರು ಹಿಡಿದು ಸ್ತೋತ್ರ ಹೇಳಿ. "ಎಲ್ಲದಕ್ಕೂ" ಅಂದಾಗ ಮನಸ್ಸಿನಲ್ಲಿ ಒಂದು ವಸ್ತುವೂ ಮೂಡುವುದಿಲ್ಲ, ಒಂದು ಮುಖವೂ ಕಾಣುವುದಿಲ್ಲ. 103ನೆಯ ಕೀರ್ತನೆ ಏನು ಹೇಳುತ್ತದೆ? ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಅನ್ನುತ್ತದೆ. ಒಂದನ್ನೂ ಮರೆಯಬಾರದು ಅಂದರೆ ಒಂದೊಂದನ್ನೇ ನೆನೆಯಬೇಕು, ಬೇರೆ ದಾರಿ ಇಲ್ಲ. ಅದೇ ಕೀರ್ತನೆ ಮುಂದಿನ ವಚನಗಳಲ್ಲಿ ಅದನ್ನು ಮಾಡಿಯೂ ತೋರಿಸುತ್ತದೆ: ಪಾಪ ಕ್ಷಮಿಸಿದನು, ರೋಗ ವಾಸಿಮಾಡಿದನು, ನಾಶದಿಂದ ತಪ್ಪಿಸಿದನು, ಹೀಗೆ ಪಟ್ಟಿ ಸಾಗುತ್ತದೆ.

ಇದನ್ನು ಮಾಡುವ ಬಗೆ ಹೀಗೆ. ಊಟಕ್ಕೆ ಮುಂಚೆ ಮೂರು ಹೆಸರು. ಒಂದು, ತಟ್ಟೆಯಲ್ಲಿರುವ ವಸ್ತು. ಎರಡು, ಅದರ ಹಿಂದಿರುವ ಒಬ್ಬ ಮನುಷ್ಯ. ಮೂರು, ಬೆಳಗ್ಗಿನಿಂದ ಆ ಹೊತ್ತಿನವರೆಗೆ ಆದ ಒಂದು ಒಳ್ಳೆಯದು. "ಸ್ವಾಮಿ, ಈ ಕುಚ್ಚಲಕ್ಕಿ ಗಂಜಿಗಾಗಿ ಸ್ತೋತ್ರ. ನಾಲ್ಕನೆಯ ಮಹಡಿಗೆ ಸಿಲಿಂಡರ್ ಹೊತ್ತು ತಂದ ಆ ಹುಡುಗನಿಗಾಗಿ ಸ್ತೋತ್ರ. ಇವತ್ತು ನಲ್ಲಿಯಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂತು, ಅದಕ್ಕಾಗಿ ಸ್ತೋತ್ರ." ಇಷ್ಟೇ. ಇಪ್ಪತ್ತು ಸೆಕೆಂಡು ಸಾಕು. ಅನ್ನ ಆರುವುದಿಲ್ಲ. ಬಾಯಿಬಿಟ್ಟು ಹೇಳಿ, ಮನಸ್ಸಿನಲ್ಲೇ ಅಲ್ಲ. ಮನಸ್ಸಿನಲ್ಲೇ ಹೇಳಿಕೊಂಡದ್ದು ಅರ್ಧಕ್ಕೇ ನಿಂತು ಬೇರೆ ಯೋಚನೆಗೆ ಹೊರಳುತ್ತದೆ, ಮಕ್ಕಳ ಕಿವಿಗಂತೂ ಬೀಳುವುದೇ ಇಲ್ಲ. ದಿನಕ್ಕೊಬ್ಬರು ಹೇಳಲಿ, ಆರು ವರ್ಷದ ಮಗುವಿಗೂ ಸರದಿ ಬರಲಿ.

ಎಲ್ಲಿ ಕೆಡುತ್ತದೆ? ಮೂರನೆಯ ದಿನ ಕೆಡುತ್ತದೆ. ನಿನ್ನೆ ಹೇಳಿದ ಮೂರನ್ನೇ ಇವತ್ತೂ ಹೇಳುತ್ತೀರಿ, ವಾರದೊಳಗೆ ಅದೂ ಬಾಯಿಪಾಠ ಆಗುತ್ತದೆ. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ: ನಿನ್ನೆಯದು ಇವತ್ತಿಗಿಲ್ಲ. ಹತ್ತು ದಿನವಾಗುವಾಗ ಹೇಳಲು ಏನೂ ತೋಚದೆ ತಡವರಿಸುತ್ತೀರಿ. ಅಲ್ಲಿ ಬಿಟ್ಟುಬಿಡಬೇಡಿ. ಹನ್ನೊಂದನೆಯ ದಿನ ಬೆಳಗ್ಗೆಯಿಂದಲೇ ಕಣ್ಣು ಹುಡುಕತೊಡಗುತ್ತದೆ, ಇವತ್ತು ಊಟದ ಹೊತ್ತಿಗೆ ಏನು ಹೇಳಲಿ ಎಂದು. ನಾವು ಬಯಸುವುದು ಆ ಹುಡುಕುವ ಕಣ್ಣನ್ನೇ.

ಯೇಸುಸ್ವಾಮಿ ಕೈಯಲ್ಲಿ ರೊಟ್ಟಿ ಹಿಡಿದ ಎರಡು ಸಂದರ್ಭಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಬೆಟ್ಟದ ಮೇಲೆ, ಹುಲ್ಲಿನ ನೆಲ, ಗಂಡಸರೇ ಐದು ಸಾವಿರ. ಇನ್ನೂರು ದಿನಾರಿಯ ರೊಟ್ಟಿ ತಂದರೂ ಸಾಲದು ಎಂದು ಫಿಲಿಪ್ಪನು ಲೆಕ್ಕ ಹೇಳಿ ಆಗಿದೆ. ಇರುವುದು ಒಬ್ಬ ಹುಡುಗನ ಬಳಿ ಐದು ಜವೆಗೋದಿ ರೊಟ್ಟಿ, ಎರಡು ಮೀನು. ಆತನು ಆ ಐದನ್ನು ಕೈಗೆತ್ತಿಕೊಂಡು ಸ್ತೋತ್ರ ಮಾಡಿದನು. ಹನ್ನೆರಡು ಪುಟ್ಟಿ ತುಂಬಿದ್ದು ಆಮೇಲೆ. ಸ್ತೋತ್ರ ಮಾಡುವಾಗ ಕೈಯಲ್ಲಿದ್ದದ್ದು ಐದೇ. ಎರಡನೆಯದು ಆತನನ್ನು ಹಿಡಿದುಕೊಟ್ಟ ರಾತ್ರಿ. ಹಿಡಿದುಕೊಡುವವನು ಯಾರೆಂದು ಗೊತ್ತು, ನಾಳೆ ಏನಾಗುತ್ತದೆಂದೂ ಗೊತ್ತು. ಅಲ್ಲೂ ರೊಟ್ಟಿ ತೆಗೆದುಕೊಂಡನು, ಸ್ತೋತ್ರ ಮಾಡಿದನು, ಮುರಿದನು. ಒಳ್ಳೆಯ ದಿನದಲ್ಲೂ ಕೆಟ್ಟ ರಾತ್ರಿಯಲ್ಲೂ ಕೈ ಮಾಡಿದ್ದು ಒಂದೇ ಕೆಲಸ. ಸಭೆಯು ಕರ್ತನ ಭೋಜನಕ್ಕೆ ಯೂಕರಿಸ್ತ್ ಎಂಬ ಗ್ರೀಕ್ ಹೆಸರನ್ನೇ ಉಳಿಸಿಕೊಂಡಿದೆಯಲ್ಲ, ಆ ಶಬ್ದದ ಅರ್ಥವೇ ಕೃತಜ್ಞತಾಸ್ತುತಿ.

ಈಗ ಒಂದು ಚರಿತ್ರೆ ಹೇಳಲೇಬೇಕು. ಕೃತಜ್ಞತೆ ಎಂದಾಗಲೆಲ್ಲ ಈ ಮನುಷ್ಯನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ, ಲೈಪ್‌ಜಿಗ್ ಹತ್ತಿರ, ಐಲೆನ್‌ಬುರ್ಗ್ ಎಂಬ ಊರು. ಸುತ್ತ ಕೋಟೆ ಗೋಡೆ. ಆ ಊರಲ್ಲೇ 1586ರಲ್ಲಿ ಹುಟ್ಟಿದ ಮಾರ್ಟಿನ್ ರಿಂಕಾರ್ಟ್ 1617ರಲ್ಲಿ ಅಲ್ಲಿಗೇ ಸಭಾಪಾಲಕನಾಗಿ ಬಂದ. ಮರುವರ್ಷ, 1618ರಲ್ಲಿ, ಯುದ್ಧ ಶುರುವಾಯಿತು. ಮೂವತ್ತು ವರ್ಷ ನಡೆದ ಯುದ್ಧ. ಗೋಡೆ ಇರುವ ಊರಾದ್ದರಿಂದ ಸುತ್ತಲಿನ ಹಳ್ಳಿಗಳ ಜನ ಜೀವ ಉಳಿಸಿಕೊಳ್ಳಲು ಅಲ್ಲಿಗೇ ನುಗ್ಗಿದರು. ಇರುವ ಮನೆಗಳಲ್ಲೇ ಎಲ್ಲರೂ. ನಮ್ಮ ಮುಂಬಯಿಯವರಿಗೆ ಹತ್ತು ಅಡಿ ಖೋಲಿಯಲ್ಲಿ ಎಂಟು ಜನ ಮಲಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಂಥ ಕಡೆಗೆ 1637ರಲ್ಲಿ ಪ್ಲೇಗು ಬಂತು.

ಉಳಿದ ಸಭಾಪಾಲಕರಲ್ಲಿ ಒಬ್ಬನು ಊರು ಬಿಟ್ಟ, ಇಬ್ಬರು ತೀರಿಕೊಂಡರು. ಆ ಇಬ್ಬರನ್ನೂ ಮಣ್ಣು ಮಾಡಿದವನು ರಿಂಕಾರ್ಟ್. ಆಮೇಲೆ ಅವನೊಬ್ಬನೇ. ದಿನಕ್ಕೆ ನಲವತ್ತು, ಐವತ್ತು ಶವಸಂಸ್ಕಾರ. ಒಂದೇ ವರ್ಷದಲ್ಲಿ ಸುಮಾರು 4,480. ಮೇ ತಿಂಗಳಲ್ಲಿ ಅವನ ಹೆಂಡತಿಯೂ ಹೋದಳು. ಪ್ಲೇಗಿನ ಬೆನ್ನಿಗೆ ಬರಗಾಲ. ಬೀದಿಯಲ್ಲಿ ಸತ್ತ ಬೆಕ್ಕಿಗಾಗಿ, ಕಾಗೆಗಾಗಿ ಜನ ಹೊಡೆದಾಡಿದರು. ಇದ್ದದ್ದನ್ನೆಲ್ಲ ಹಂಚಿ ಮುಗಿದ ಮೇಲೆ ಅವನು ತನ್ನ ಮುಂದಿನ ಸಂಬಳವನ್ನೇ ಒತ್ತೆಯಿಟ್ಟು ಮಕ್ಕಳಿಗೆ ರೊಟ್ಟಿ ಬಟ್ಟೆ ತಂದ. ಸಾಲದ್ದಕ್ಕೆ ಸ್ವೀಡನ್ನಿನ ಸೈನ್ಯ ಬಂದು ಮೂವತ್ತು ಸಾವಿರ ಥಾಲರ್ ಕೊಡಿ ಎಂದಿತು. ಅವನು ಹೋಗಿ ಬೇಡಿಕೊಂಡ, ದಂಡನಾಯಕ ಕೇಳಲಿಲ್ಲ. ಮನುಷ್ಯರಲ್ಲಿ ನಮಗೆ ಕರುಣೆ ಸಿಗಲಿಲ್ಲ, ದೇವರಲ್ಲಿ ಬೇಡೋಣ ಎಂದು ಜನರನ್ನು ಕೂಡಿಸಿ ಮೊಣಕಾಲೂರಿದ. ಕೊನೆಗೆ ಸೈನ್ಯ ಎರಡು ಸಾವಿರ ಫ್ಲೋರಿನ್ ನಾಣ್ಯಕ್ಕೆ ಇಳಿಯಿತು.

ಇಷ್ಟು ಕಂಡ ಮನುಷ್ಯ ಬರೆದ ಒಂದು ಸ್ತೋತ್ರಗೀತೆ ಇವತ್ತಿಗೂ ಲೋಕದಾದ್ಯಂತ ಸಭೆಗಳಲ್ಲಿ ಕೃತಜ್ಞತೆಯ ಹಾಡಾಗಿ ಉಳಿದಿದೆ. ಆದರೆ ಅದನ್ನು ಯಾವಾಗ ಬರೆದ, ಯಾತಕ್ಕೆ ಬರೆದ, ಇದನ್ನು ಗಮನಿಸಿ. ಪ್ಲೇಗಿನ ವರ್ಷಕ್ಕೆ ಮೊದಲೇ ಬರೆದದ್ದು. ಮೊದಲೆರಡು ಚರಣ ಊಟದ ಮೇಜಿನ ಪ್ರಾರ್ಥನೆ, ಮನೆಯ ಮಕ್ಕಳು ತಟ್ಟೆಯ ಮುಂದೆ ಹೇಳಲೆಂದು ಬರೆದದ್ದು. ಯುದ್ಧ ನಡೆಯುತ್ತಿರುವಾಗ, ರೊಟ್ಟಿ ಇನ್ನೂ ಮೇಜಿನ ಮೇಲಿರುವಾಗ ಕಲಿಸಿಟ್ಟ ಮಾತು. ಮೇಜು ಬರಿದಾದ ವರ್ಷಕ್ಕೆ ಆ ಮಾತು ಮನೆಯಲ್ಲಿ ಮೊದಲೇ ಇತ್ತು. ಹೊಸದಾಗಿ ಹುಡುಕಬೇಕಾಗಲಿಲ್ಲ.

ಹಾಡಿನ ಶುರುವಿನಲ್ಲೇ ಹೃದಯ, ಬಾಯಿ, ಕೈ ಎಂಬ ಮೂರು ಶಬ್ದಗಳು ಬರುತ್ತವೆ. ಈ ಮೂರರಿಂದಲೂ ದೇವರಿಗೆ ಸ್ತೋತ್ರ ಸಲ್ಲಬೇಕು ಎನ್ನುತ್ತದೆ. ತಾಯಿಯ ಗರ್ಭದಿಂದ, ಎಳೆಯ ಕಾಲಿನಿಂದ ಇಲ್ಲಿಯವರೆಗೂ ಆದ ಉಪಕಾರ ಎನ್ನುತ್ತದೆ. ಎರಡನೆಯ ಚರಣದಲ್ಲಿ ಸಮಾಧಾನ ಕೊಡು ಎಂದು ಬೇಡುತ್ತದೆ. ಯುದ್ಧವಿದೆ, ಆದ್ದರಿಂದ ಬೇಕಾದದ್ದನ್ನೂ ಹೆಸರು ಹಿಡಿದೇ ಕೇಳುತ್ತದೆ. ಎಲ್ಲ ಚೆನ್ನಾಗಿದೆ ಎಂಬ ನಟನೆ ಅದರಲ್ಲಿಲ್ಲ. 1648ರಲ್ಲಿ ಯುದ್ಧ ಮುಗಿಯಿತು, ರಿಂಕಾರ್ಟ್ ಅದನ್ನು ಕಂಡ, 1649ರಲ್ಲಿ ತೀರಿಕೊಂಡ.

ಹೇಳುತ್ತಾ ಹೋದರೆ ನನಗೆ ಗಡಿಯಾರದ ನೆನಪಿರುವುದಿಲ್ಲ. ಕಷ್ಟದ ದಿನಕ್ಕೆ ಬರುತ್ತೇನೆ.

ಕಷ್ಟದಲ್ಲಿರುವವರು ಕೇಳುವ ಪ್ರಶ್ನೆ ಒಂದೇ: ಈ ಕಾಯಿಲೆಗೂ ಸ್ತೋತ್ರ ಹೇಳಬೇಕೇ, ಈ ಸಾವಿಗೂ ಹೇಳಬೇಕೇ? ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯ, 18ನೆಯ ವಚನ ತೆಗೆಯಿರಿ. "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ." ಶಾಲೆಯಲ್ಲಿ ಓದಿದ ವಿಭಕ್ತಿ ನೆನಪು ಮಾಡಿಕೊಳ್ಳಿ. 'ಅಲ್ಲಿ' ಸಪ್ತಮಿ, 'ಕ್ಕೆ' ಚತುರ್ಥಿ. ಈ ವಚನದಲ್ಲಿರುವುದು ಸಪ್ತಮಿ. 2005ರ ಜುಲೈ 26ನ್ನು ಈ ಊರಿನಲ್ಲಿ ಮರೆತವರಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆ ನೆರೆಗೆ ಸ್ತೋತ್ರ ಹೇಳಿ ಎಂದು ಈ ವಚನ ನಿಮ್ಮನ್ನು ಕೇಳುತ್ತಿಲ್ಲ. ಆ ನೆರೆಯಲ್ಲಿ ಎದೆಮಟ್ಟದ ನೀರಿನಲ್ಲಿ ಕೈಹಿಡಿದು ನಡೆಸಿದವನು, ಗುರುತಿಲ್ಲದವರನ್ನು ರಾತ್ರಿಯಿಡೀ ಮನೆಯೊಳಗೆ ಕೂರಿಸಿಕೊಂಡು ಚಹಾ ಕೊಟ್ಟ ಹೆಂಗಸು, ಅವರಿಗಾಗಿ ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಗುರುತು ಹೇಳಿ.

ಲಾಜರನ ಸಮಾಧಿಗೆ ಹೋಗುವಾಗ ಯೇಸು ಅತ್ತನು. ಯೋಹಾನ 11, ವಚನ 35. ಸಮಾಧಿಯ ಮುಂದೆ ತಂದೆಗೆ ಸ್ತೋತ್ರವನ್ನೂ ಹೇಳಿದನು, ವಚನ 41. ಕಣ್ಣೀರಿಗೂ ಸ್ತೋತ್ರಕ್ಕೂ ನಡುವೆ ಐದೇ ವಚನ. ಅತ್ತರೆ ನಂಬಿಕೆ ಕಡಮೆ ಎಂದು ನಿಮಗೆ ಯಾರಾದರೂ ಹೇಳಿದರೆ ಈ ಪುಟವನ್ನು ತೆರೆದು ಅವರ ಕೈಗೆ ಕೊಡಿ.

ಕಷ್ಟದ ದಿನಗಳಿಗೆ 13ನೆಯ ಕೀರ್ತನೆಯ ಅಚ್ಚು ಹಿಡಿಯಿರಿ. ಒಟ್ಟು ಆರೇ ವಚನ. ಮೊದಲೆರಡರಲ್ಲಿ ದೂರು, "ಎಲ್ಲಿಯವರೆಗೆ" ಎಂದು ನಾಲ್ಕು ಸಲ ಕೇಳುತ್ತಾನೆ. ನಡುವಿನೆರಡರಲ್ಲಿ ಬೇಡಿಕೆ. ಕೊನೆಯೆರಡರಲ್ಲಿ ಭರವಸೆ, ಹಾಡು. ಮಲಗುವ ಮುಂಚೆ ಒಂದು ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಮೂರು ಸಾಲು ಬರೆಯಿರಿ. "ಎರಡು ತಿಂಗಳಿಂದ ಸಂಬಳವಿಲ್ಲ, ಎಲ್ಲಿಯವರೆಗೆ ಸ್ವಾಮಿ? ಹತ್ತನೇ ತಾರೀಕಿನೊಳಗೆ ಬಾಡಿಗೆಗೆ ದಾರಿ ತೋರಿಸು. ಕಿರಾಣಿಯವನು ಇವತ್ತೂ ಮುಖ ಗಂಟುಹಾಕದೆ ಉದ್ರಿ ಬರೆದುಕೊಂಡ, ಅವನಿಗಾಗಿ ಸ್ತೋತ್ರ." ಈ ಕ್ರಮ ತಿರುಗಿಸಬೇಡಿ. ದೂರನ್ನು ನುಂಗಿಕೊಂಡು ಹೇಳಿದ ಸ್ತೋತ್ರ ಒಳಗೇ ಹುಳಿಯುತ್ತದೆ. ಸುಖದ ದಿನಕ್ಕೆ ಮೂರು ಹೆಸರು, ಕಷ್ಟದ ದಿನಕ್ಕೆ ಒಂದು ಸಾಕು. ಒಂದೂ ಸಿಗದ ದಿನವೂ ಬರುತ್ತದೆ. ಆ ದಿನ ಮೂರನೆಯ ಸಾಲಿನಲ್ಲಿ ಗೆರೆ ಎಳೆದು ಬಿಡಿ. ಇಲ್ಲದ್ದನ್ನು ಹುಟ್ಟಿಸಿ ಬರೆಯಬೇಡಿ. ತಿಂಗಳಾದ ಮೇಲೆ ಮೊದಲಿಂದ ಓದಿ; ಎರಡನೆಯ ಸಾಲಿನ ಬೇಡಿಕೆಗಳಲ್ಲಿ ಕೆಲವು ಯಾವುದೋ ದಿನದ ಮೂರನೆಯ ಸಾಲಿಗೆ ಬಂದಿರುತ್ತವೆ.

ಎರಡು ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. "ಪಕ್ಕದವರಿಗೆ ಕೆಲಸ ಹೋಯಿತು, ನಮಗಿದೆಯಲ್ಲ, ಸ್ತೋತ್ರ." ಇದು ದೇವಾಲಯದಲ್ಲಿ ನಿಂತ ಫರಿಸಾಯನ ಪ್ರಾರ್ಥನೆ, ಲೂಕ 18ರಲ್ಲಿ ಓದಿ. ಇನ್ನೊಂದು, ಸಾವಿನ ಮನೆಗೆ ಹೋಗಿ "ದೇವರಿಗೆ ಸ್ತೋತ್ರ ಹೇಳಿ ಅಕ್ಕ" ಎನ್ನುವುದು. ದಯವಿಟ್ಟು ಬೇಡ. ನಿಮ್ಮ ಸ್ತೋತ್ರ ನಿಮ್ಮ ಬಾಯಿಗೆ ಮಾತ್ರ. ಅಳುವವರ ಸಂಗಡ ಅಳಿರಿ ಎಂದಿದೆ ರೋಮಾಪುರದವರ ಪತ್ರದಲ್ಲಿ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಬಾಯಿಮುಚ್ಚಿ ಅವನ ಪಕ್ಕ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಇನ್ನು ರಿಂಕಾರ್ಟನ ಹಾಡಿನ ಮೂರನೆಯ ಶಬ್ದ, ಕೈಯ ವಿಷಯ. ಯಾಜಕಕಾಂಡ 7ರಲ್ಲಿ ಕೃತಜ್ಞತೆಯ ಬಲಿಗೆ ಒಂದು ನಿಯಮವಿದೆ: ಆ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಉಳಿಸಬಾರದು. ಜೊತೆಗೆ ರೊಟ್ಟಿಗಳ ರಾಶಿ ಬೇರೆ. ಒಂದು ಮನೆಯವರು ಒಂದೇ ದಿನದಲ್ಲಿ ಅಷ್ಟನ್ನು ತಿನ್ನಲಾರರು. ಬಾಗಿಲು ತೆರೆದು ಜನರನ್ನು ಕರೆಯಲೇಬೇಕು. ಫ್ರಿಜ್ಜಿನಲ್ಲಿಟ್ಟುಕೊಂಡು ಮೂರು ದಿನ ತಿನ್ನುವ ಕೃತಜ್ಞತೆಯನ್ನು ಆ ನಿಯಮ ಒಪ್ಪುವುದಿಲ್ಲ. ಮನೆಯಲ್ಲಿ ಒಳ್ಳೆಯದಾದ ದಿನ ಒಂದು ಬಟ್ಟಲು ಅದೇ ದಿನ ಎದುರು ಬಾಗಿಲಿಗೆ ಹೋಗಲಿ, ಯಾಕೆಂದು ಹೇಳಿ ಕೊಡಿ.

ಕೊನೆಗೆ, ಒಬ್ಬರೇ ಊಟ ಮಾಡುವವರಿಗೆ ಎರಡು ಮಾತು. ಹೋಟೆಲಿನ ಹಿಂಬದಿಯಲ್ಲಿ, ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ, ಆಫೀಸಿನ ಮೂಲೆಯಲ್ಲಿ ಡಬ್ಬಿ ಬಿಚ್ಚುವವರು ನಮ್ಮಲ್ಲಿ ಬಹಳ. ಮಂಗಳೂರಿನ ಕಡೆಯ ಕೊಂಕಣಿ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ತಂದು, ಕಾಳು ಸುಲಿದು, ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ಊರಿನಲ್ಲಿಲ್ಲದವರಿಗೆ ಕೆಲವು ಕಾಳನ್ನು ಕವರಿನಲ್ಲಿ ಹಾಕಿ ಕಳಿಸುವುದೂ ಉಂಟು. ಅಂಥ ಕವರು ಬಂದರೆ ಪೆಟ್ಟಿಗೆಯಲ್ಲಿ ಎತ್ತಿಡಬೇಡಿ. ಚಹಾ ಮಾಡುವ ಹಾಲಿನಲ್ಲಾದರೂ ಆ ಕಾಳು ಹಾಕಿ ಕುದಿಸಿ. ಬಾಯಿಗಿಡುವ ಮೊದಲು, ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ಬಿಟ್ಟು, ಆ ಕಾಳನ್ನು ಸುಲಿದವರ ಹೆಸರು ಹೇಳಿ.

ನಮಸ್ಕಾರ.