ಬೊಂಬೆ ಕೊಟ್ಟ ಕೈ

ಕೇಳುಗರಿಗೆ ನಮಸ್ಕಾರ.

ಇವತ್ತು ಟಿ.ವಿ. ಧಾರಾವಾಹಿಯ ಒಂದೇ ಒಂದು ಕಂತಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಧಾರಾವಾಹಿ ಅಮೆರಿಕದ್ದು, ಹೆಸರು ‘ಹೌಸ್’. ಕಂತಿನ ಹೆಸರು ‘ಮೆಟರ್ನಿಟಿ’, ಅಂದರೆ ಹೆರಿಗೆ ವಾರ್ಡು. ಮೊದಲು ಪ್ರಸಾರವಾದದ್ದು 2004ರ ಡಿಸೆಂಬರ್‌ನಲ್ಲಿ. ನಾನು ನೋಡಿದ್ದು ಮಾತ್ರ ತುಂಬಾ ತಡವಾಗಿ, ನಿವೃತ್ತಿಯಾದ ಮೇಲೆ, ಮಗಳ ಮನೆಯಲ್ಲಿ ಕೂತು. ಇಪ್ಪತ್ತೆಂಟು ವರ್ಷ ಹಸುಗೂಸುಗಳ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಕಂತು ಮುಗಿಯುವ ಹೊತ್ತಿಗೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಕಥೆ ನಡೆಯುವುದು ನ್ಯೂಜೆರ್ಸಿಯ ಒಂದು ಕಾಲ್ಪನಿಕ ಆಸ್ಪತ್ರೆಯಲ್ಲಿ. ಚೆನ್ನಾಗಿಯೇ ಹುಟ್ಟಿದ ಒಂದು ಕೂಸು ಇದ್ದಕ್ಕಿದ್ದಂತೆ ಹಾಸಿಗೆ ಹಿಡಿಯುತ್ತದೆ. ಬೆನ್ನಿಗೇ ಇನ್ನೊಂದು. ವಾರ್ಡಿನಲ್ಲಿ ಸೋಂಕು ಹರಡುತ್ತಿದೆ ಎಂದು ಡಾಕ್ಟರ್ ಹೌಸ್ ಹೇಳಿದಾಗ ಮೊದಮೊದಲು ಯಾರೂ ನಂಬುವುದಿಲ್ಲ. ಇನ್ನಷ್ಟು ಕೂಸುಗಳು ಮಲಗಿದ ಮೇಲೆ ವಾರ್ಡು ಮುಚ್ಚಿಸುತ್ತಾರೆ, ಸಿಕ್ಕಸಿಕ್ಕ ವಸ್ತುವಿನ ಮೇಲೆಲ್ಲ ಹತ್ತಿಯ ಕಡ್ಡಿ ಸವರಿ ಲ್ಯಾಬಿಗೆ ಕಳಿಸುತ್ತಾರೆ. ಆ ದೃಶ್ಯ ನನಗೆ ಹೊಸದಲ್ಲ. ನಾನಿದ್ದ ವಾರ್ಡಿನಲ್ಲೂ ಒಂದು ಸಲ, ಒಂದೇ ವಾರದಲ್ಲಿ ಮೂರು ಕೂಸುಗಳಿಗೆ ನಂಜಾದಾಗ, ಹೀಗೇ ಸವರಿದ್ದೆವು. ತೊಟ್ಟಿಲ ಅಂಚು, ತೂಕದ ತಕ್ಕಡಿ, ನಲ್ಲಿಯ ತಿರುಪು, ಸ್ಟೆತಾಸ್ಕೋಪು, ನಮ್ಮ ನಮ್ಮ ಅಂಗೈ. ನನ್ನ ಕೈಯನ್ನು ನಾನೇ ಸವರಿ, ಸೀಸೆಯ ಮೇಲೆ ನನ್ನ ಹೆಸರು ಬರೆದೆ. ವರದಿ ಬರುವವರೆಗೆ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ನನ್ನ ಕೈ ಶುದ್ಧವಿತ್ತು. ಆಮ್ಲಜನಕವನ್ನು ತೇವ ಮಾಡುವ ಬಾಟಲಿಯ ನೀರಿನಲ್ಲಿ ರೋಗಾಣು ಸಿಕ್ಕಿತು. ಆ ನೀರನ್ನು ದಿನಾ ಬದಲಿಸಬೇಕಿತ್ತು, ಬದಲಿಸಿರಲಿಲ್ಲ. ಬಾಟಲಿ ಕಣ್ಣೆದುರೇ ಇದ್ದರೂ ನಾನೂ ಕೇಳಿರಲಿಲ್ಲ. ಮೂರರಲ್ಲಿ ಎರಡು ಕೂಸು ಮನೆಗೆ ಹೋದವು.

ಕಂತಿನಲ್ಲಿ ಯಾವ ರೋಗಾಣು ಅಂತ ಗೊತ್ತಾಗದೆ ಎರಡು ಬಲವಾದ ಔಷಧಿ ಒಟ್ಟಿಗೇ ಶುರು ಮಾಡುತ್ತಾರೆ. ವ್ಯಾಂಕೊಮೈಸಿನ್ ಒಂದು, ಅಜ್‌ಟ್ರಿಯೊನಾಮ್ ಇನ್ನೊಂದು. ಕೂಸುಗಳ ಮೂತ್ರಪಿಂಡ ಸೋಲತೊಡಗುತ್ತದೆ. ಹಾನಿ ಮಾಡುತ್ತಿರುವುದು ಯಾವ ಔಷಧಿ, ಗುಣ ಕೊಡುವುದು ಯಾವುದು? ತಿಳಿಯಬೇಕಾದರೆ ಒಂದು ಕೂಸಿಗೆ ಒಂದನ್ನು ನಿಲ್ಲಿಸಬೇಕು, ಇನ್ನೊಂದು ಕೂಸಿಗೆ ಮತ್ತೊಂದನ್ನು. ತಪ್ಪು ಪಾಲು ಬಿದ್ದ ಕೂಸು ಸಾಯಬಹುದು ಅಂತ ಗೊತ್ತಿದ್ದೇ ಹಾಗೆ ಮಾಡುತ್ತಾರೆ. ಒಂದು ಕೂಸು ಸಾಯುತ್ತದೆ.

ನೋಡುವಾಗ ನನಗೆ ಕೋಪ ಬಂತು. ಈಗಲೂ ಬರುತ್ತದೆ. ಉಳಿದ ಕೂಸುಗಳನ್ನು ಉಳಿಸುವುದಕ್ಕೆ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಆ ತಾಯಿಯ ಎದುರು ನಿಂತು ಆ ಲೆಕ್ಕ ಹೇಳುವವರು ಯಾರು? ಕಂತಿನಲ್ಲಿ ಈ ಕೆಲಸ ಬೀಳುವುದು ಕ್ಯಾಮರನ್ ಎಂಬ ಯುವ ವೈದ್ಯೆಯ ಮೇಲೆ. ಮಗು ಉಳಿಯದೇ ಹೋಗಬಹುದು ಎಂದು ಹೇಳುವುದಕ್ಕೆ ಅವಳಿಗೆ ಬಾಯಿ ಬರುವುದಿಲ್ಲ. ಭರವಸೆಯ ಮಾತಾಡಿ ಹೊರಗೆ ಬರುತ್ತಾಳೆ. ಅವಳನ್ನು ನಾನು ಬೈಯಲಾರೆ. ನಾನೂ ಎಷ್ಟೋ ಸಲ ಬಾಣಂತಿಯ ಸೆರಗು ಸರಿಮಾಡುತ್ತಾ "ಏನೂ ಆಗಲ್ಲ ಮಲಗಮ್ಮ" ಅಂದಿದ್ದೇನೆ. ಬೆಳಗಾಗುವುದರೊಳಗೆ ಆದದ್ದು ಆಗಿರುತ್ತಿತ್ತು. ಮುಂಚೆಯೇ ಹೇಳಿದ್ದರೆ ಅವಳು ಆ ರಾತ್ರಿ ಎದ್ದು ಬಂದು ಕೂಸನ್ನು ಒಂದು ಸಲ ಮುಟ್ಟಿ ನೋಡುತ್ತಿದ್ದಳು.

ಸತ್ತ ಕೂಸಿನ ಶವಪರೀಕ್ಷೆಯಲ್ಲಿ ಸತ್ಯ ಹೊರಬೀಳುತ್ತದೆ. ಕಾಯಿಲೆಗೆ ಕಾರಣ ವೈರಸ್ಸು. ಅವರು ಕೊಟ್ಟ ಔಷಧಿಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವಂಥವು, ವೈರಸ್ಸಿನ ಹತ್ತಿರ ಅವುಗಳ ಆಟ ನಡೆಯುವುದಿಲ್ಲ. ಸರಿ, ಯಾವ ವೈರಸ್ಸು? ಎಲ್ಲಕ್ಕೂ ಪರೀಕ್ಷೆ ಮಾಡುವಷ್ಟು ರಕ್ತ ಕೂಸಿನ ಮೈಯಲ್ಲಿಲ್ಲ. ಮೂರು ಕಿಲೋ ಕೂಸಿನ ಇಡೀ ಮೈಯಲ್ಲಿರುವ ರಕ್ತ ಸುಮಾರು 250 ಮಿಲಿಲೀಟರ್, ಒಂದು ನೀರಿನ ಲೋಟದಷ್ಟು. ಹಾಗಾಗಿ ತಾಯಂದಿರ ರಕ್ತ ನೋಡುತ್ತಾರೆ. ಇದು ಕಥೆಗಾಗಿ ಕಟ್ಟಿದ ಜಾಣತನವಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುಗಳ ವಿರುದ್ಧ ಮೈ ತಯಾರಿಸಿಕೊಂಡ ಕಾವಲುಗಾರರು, ಮಾಸಿನ ಮೂಲಕ ಕೂಸಿಗೆ ಇಳಿಯುತ್ತವೆ. ತಾಯಿಗೆ ಹಿಂದೆಂದೋ ಬಂದುಹೋದ ಕಾಯಿಲೆ ಕೂಸಿಗೆ ಕಾವಲಾಗುತ್ತದೆ. ತಾಯಿಗೆ ಯಾವುದು ಬಂದೇ ಇಲ್ಲವೋ ಆ ಬಾಗಿಲಿಗೆ ಕಾವಲಿಲ್ಲ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳಿಗೆ ಈ ಬಳುವಳಿ ಕಡಿಮೆ.

ಕೊನೆಗೆ ಸಿಗುವ ಹೆಸರು ಎಕೋವೈರಸ್ 11. ‘ಎಕೋ’ ಎಂಬುದು ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ. ಕೊನೆಯ ಪದದ ಅರ್ಥ ‘ಅನಾಥ’. ಮನುಷ್ಯನ ಕರುಳಿನಲ್ಲಿ ಈ ವೈರಸ್ಸುಗಳು ಮೊದಲು ಸಿಕ್ಕಾಗ ಇವು ಯಾವ ಕಾಯಿಲೆಗೆ ಸೇರಿದವು ಎಂದು ಗೊತ್ತಾಗದೆ ಇಟ್ಟ ಹೆಸರದು. ದೊಡ್ಡವರಿಗೆ ಬಂದರೆ ಸಾಮಾನ್ಯವಾಗಿ ನೆಗಡಿ, ಹೊಟ್ಟೆ ಕೆಡುವುದು, ಎರಡು ದಿನ ಜ್ವರ, ಅಷ್ಟೆ. ಎಷ್ಟೋ ಸಲ ಬಂದದ್ದೂ ತಿಳಿಯುವುದಿಲ್ಲ. ಹುಟ್ಟಿ ವಾರವಾಗದ ಕೂಸಿಗೆ ಅದೇ ವೈರಸ್ಸು ಯಕೃತ್ತನ್ನೋ ಹೃದಯವನ್ನೋ ಹಿಡಿದುಬಿಡಬಹುದು. 2022ರ ಜುಲೈಯಿಂದ 2023ರ ಏಪ್ರಿಲ್‌ವರೆಗೆ ಫ್ರಾನ್ಸಿನಲ್ಲಿ ಒಂಬತ್ತು ನವಜಾತ ಶಿಶುಗಳಿಗೆ ಇದೇ ಎಕೋವೈರಸ್ 11 ತೀವ್ರವಾಗಿ ತಗುಲಿತು. ಏಳು ಕೂಸುಗಳು ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗತ್ತಿಗೆಲ್ಲ ತಿಳಿಸಿತು. ಆ ಸುದ್ದಿ ಓದಿದ ಮೇಲೆ ನನಗೆ ಈ ಕಂತು ಬರೀ ಟಿ.ವಿ. ಕಥೆಯಾಗಿ ಉಳಿಯಲಿಲ್ಲ.

ವಾರ್ಡಿಗೆ ಆ ವೈರಸ್ಸು ಬಂದದ್ದು ಹೇಗೆ ಅನ್ನುವುದನ್ನು ಹೇಳಬೇಕು. ಅಲ್ಲೊಬ್ಬ ವಯಸ್ಸಾದ ಸ್ವಯಂಸೇವಕಿ ಇದ್ದಾಳೆ. ಕೂಸುಗಳ ಬಳಿ ಹೋಗಿ ಕರಡಿ ಬೊಂಬೆ ಕೊಡುವುದು ಅವಳ ಸೇವೆ. ಅವಳಿಗೆ ನೆಗಡಿ. ಮೂಗು ಒರೆಸಿಕೊಂಡ ಕೈಯಲ್ಲೇ ಬೊಂಬೆ ಮುಟ್ಟುತ್ತಾಳೆ. ಇಷ್ಟೇ. ಅಷ್ಟೆಲ್ಲ ಯಂತ್ರ, ಅಷ್ಟೆಲ್ಲ ಔಷಧಿ, ಅಷ್ಟೆಲ್ಲ ಜಗಳದ ಕೊನೆಗೆ ಸಿಗುವುದು ಪ್ರೀತಿಯಿಂದ ಬೊಂಬೆ ಕೊಟ್ಟ ಒಂದು ಕೈ.

ಕೈಯ ಕಥೆ ತುಂಬಾ ಹಳೆಯದು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರಿದ್ದರು. ಅಲ್ಲಿ ಎರಡು ಹೆರಿಗೆ ವಿಭಾಗ. ಸೂಲಗಿತ್ತಿಯರು ನೋಡಿಕೊಳ್ಳುವ ಕಡೆ ಬಾಣಂತಿ ಜ್ವರದ ಸಾವು ಕಡಿಮೆ, ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡುವ ಕಡೆ ಹೆಚ್ಚು. ಇವರು ಹೆಣ ಕುಯ್ದು, ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ಬಾಣಂತಿಯರು ಸಾಯುತ್ತಿದ್ದ ವಿಭಾಗದಲ್ಲಿ ಜೂನ್ ಹೊತ್ತಿಗೆ ಸತ್ತವರು ನೂರಕ್ಕೆ ಎರಡರ ಆಸುಪಾಸು. ಆದರೂ ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ. ನಮ್ಮ ಕೈಯಿಂದಲೇ ಸಾವು ಬಂತು ಅಂತ ಒಪ್ಪಿಕೊಳ್ಳುವುದು ಸುಲಭವಲ್ಲ. ಆ ಎರಡು ರಾತ್ರಿ ನನಗೆ ಅದು ಗೊತ್ತಾಗಿದೆ.

ಮನೆಯಲ್ಲಿ ಹಸುಗೂಸು ಇರುವವರಿಗೆ ಒಂದು ಮಾತು. ಎಕೋವೈರಸ್ಸಿನಂಥವು ಬಾಟಲಿಯಿಂದ ಸುರಿದುಕೊಳ್ಳುವ ಸ್ಯಾನಿಟೈಸರಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಬುಡ, ಹೆಬ್ಬೆರಳು ಎಲ್ಲ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು, ಮುಕ್ಕಾಲು ನಿಮಿಷವಾದರೂ. ನೆಗಡಿ ಇದ್ದರೆ ಕೂಸಿಗೆ ಮುತ್ತಿಡುವುದು ಬೇಡ, ದೂರದಿಂದಲೇ ನೋಡಿ.

ಒಂದು ಮಳೆಗಾಲದ ಸಂಜೆ ನೆನಪಾಗುತ್ತದೆ. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಒಬ್ಬ ಅಜ್ಜಿ ಬಂದಿದ್ದರು, ಮಗಳ ಚೊಚ್ಚಲ ಕೂಸು ನೋಡಲು. ಬಾಗಿಲಲ್ಲೇ ತಡೆದೆ. "ಯಾಕ್ ಸಿಸ್ಟ್ರಮ್ಮ, ನಾನೇನ್ ಹೊರಗಿನೋಳಾ?" ಅಂದರು. ಕಣ್ಣು ತುಂಬಿತ್ತು. "ಅಲ್ಲಜ್ಜಿ, ಕೈ ತೊಳ್ಕೊಂಡು ಬನ್ನಿ" ಅಂದೆ. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಅವರ ಕೈಗೆ ಸೋಪು ಕೊಟ್ಟೆ. ಅಂಗೈಯ ಗೆರೆಗಳಲ್ಲಿ ಹೊಲದ ಮಣ್ಣಿನ ಬಣ್ಣ ಕೂತಿತ್ತು. ಅಜ್ಜಿ ನಿಧಾನವಾಗಿ ಉಜ್ಜಿದರು. ಬಳೆ ಮೇಲೆ ಸರಿಸಿ ಮೊಣಕೈವರೆಗೂ ತೊಳೆದರು. ಆಮೇಲೆ ಸೆರಗಿನಲ್ಲಿ ಒರೆಸಿಕೊಳ್ಳಲು ಹೋದವರು ನನ್ನ ಮುಖ ನೋಡಿ ತಡೆದು, ಒದ್ದೆ ಕೈ ಎರಡನ್ನೂ ಮೇಲೆತ್ತಿ ಹಿಡಿದುಕೊಂಡೇ ವಾರ್ಡಿನೊಳಗೆ ನಡೆದರು.

ನಮಸ್ಕಾರ.