ವಿಕ್ಕಾ: ಋತುಗಳ ಜೊತೆ ನಡೆಯುವ ಹೊಸ ಧರ್ಮ

ಕೇಳುಗರಿಗೆ ನಮಸ್ಕಾರ.

ವಿಕ್ಕಾ ಅನ್ನುವ ಧರ್ಮದ ಹೆಸರು ಕೇಳಿದ್ದೀರಾ? ಇದನ್ನು ಪಾಲಿಸುವವರಲ್ಲಿ ಅನೇಕರು ತಮ್ಮನ್ನು ‘ವಿಚ್’ ಎಂದೇ ಕರೆದುಕೊಳ್ಳುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ ಮಾಟ, ಭಾನಾಮತಿ ನೆನಪಾಗುತ್ತವೆ, ಅಲ್ವಾ? ಇದು ಸೈತಾನನ ಪೂಜೆ ಅಂತಲೂ ಕೆಲವರು ಹೇಳುತ್ತಾರೆ. ಅದು ತಪ್ಪು. ಸೈತಾನ ಕ್ರೈಸ್ತ ನಂಬಿಕೆಗೆ ಸೇರಿದವನು. ವಿಕ್ಕಾದಲ್ಲಿ ಅವನಿಗೆ ಜಾಗವೇ ಇಲ್ಲ. ಸಾಮಾನ್ಯವಾಗಿ ಇವರು ಪೂಜಿಸುವುದು ಚಂದ್ರನಲ್ಲಿ ಕಾಣುವ ಒಬ್ಬ ದೇವಿಯನ್ನು, ಕೊಂಬುಳ್ಳ ಒಬ್ಬ ಕಾಡಿನ ದೇವರನ್ನು.

ಇದನ್ನು ಹೊರಜಗತ್ತಿಗೆ ತಂದವರು ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಹುಟ್ಟಿದವರು. ಸಿಲೋನಿನ ತೋಟಗಳಲ್ಲಿ ದುಡಿದು, ಆಮೇಲೆ ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದರು. ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮೇಲೆ, 1939ರಲ್ಲಿ ನ್ಯೂ ಫಾರೆಸ್ಟ್ ಸೀಮೆಯ ಒಂದು ಗುಟ್ಟಿನ ಗುಂಪು ತಮಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡರು. ಮಾಟಗಾತಿಯರ ಕುರಿತ 1735ರ ಕಾಯ್ದೆ ಬ್ರಿಟನ್ನಿನಲ್ಲಿ ರದ್ದಾದದ್ದು 1951ರಲ್ಲಿ. ಮೂರು ವರ್ಷದ ನಂತರ ಗಾರ್ಡ್ನರ್ ಪುಸ್ತಕ ಬರೆದು ಈ ವಿಷಯವನ್ನು ಬಹಿರಂಗ ಮಾಡಿದರು. ಪೂಜೆಯ ಮಾತುಗಳಿಗೆ ಕಾವ್ಯದ ಕಳೆ ಕೊಟ್ಟವರು ಅವರ ಶಿಷ್ಯೆ ಡೋರೀನ್ ವ್ಯಾಲಿಯೆಂಟಿ.

ಇದು ಕ್ರೈಸ್ತ ಧರ್ಮಕ್ಕೂ ಹಿಂದಿನಿಂದ ಉಳಿದುಬಂದ ಪರಂಪರೆ ಅನ್ನುವುದು ಗಾರ್ಡ್ನರ್ ಮಾತು. ಇತಿಹಾಸಕಾರರು ಒಪ್ಪುವುದಿಲ್ಲ. ಇವತ್ತಿನ ಎಷ್ಟೋ ವಿಕ್ಕನ್ನರೂ ‘ನಮ್ಮದು ಹೊಸ ಧರ್ಮ’ ಎಂದು ನೇರವಾಗಿ ಹೇಳುತ್ತಾರೆ. ಈ ನೇರತನ ನನಗೆ ಬಹಳ ಹಿಡಿಸುತ್ತದೆ. ಹಳೆಯದಾದರೆ ಮಾತ್ರ ಧರ್ಮಕ್ಕೆ ಬೆಲೆ ಅಂತ ಎಲ್ಲಿದೆ?

ಇವರಿಗೆ ವರ್ಷಕ್ಕೆ ಎಂಟು ಹಬ್ಬ. ಹಗಲು ರಾತ್ರಿ ಸಮನಾಗುವ ಎರಡು ದಿನ, ಅತಿ ಉದ್ದದ ಹಗಲು, ಅತಿ ಉದ್ದದ ರಾತ್ರಿ. ಇವುಗಳ ನಡುನಡುವೆ ಇನ್ನೂ ನಾಲ್ಕು. ಅಕ್ಟೋಬರ್ 31ರ ಸೌವಿನ್ ತೀರಿಹೋದವರನ್ನು ನೆನೆಯುವ ರಾತ್ರಿ. ಡಿಸೆಂಬರಿನ ಯೂಲ್‌ನಲ್ಲಿ ಸೂರ್ಯ ಮತ್ತೆ ಹುಟ್ಟುತ್ತಾನೆ. ಮೇ 1ರ ಬೆಲ್ಟೇನ್‌ಗೆ ಬೆಂಕಿ, ಹೂವು, ಕುಣಿತ. ಆಗಸ್ಟ್ 1ಕ್ಕೆ ಮೊದಲ ಕೊಯ್ಲು, ಹೊಸ ಧಾನ್ಯದ ಬ್ರೆಡ್.

ಹಾಗಾದರೆ ಆಸ್ಟ್ರೇಲಿಯಾದಲ್ಲಿ? ಡಿಸೆಂಬರ್ ಅಲ್ಲಿ ಸುಡುಬೇಸಿಗೆ. ಅಲ್ಲಿನ ಬಹಳಷ್ಟು ಜನ ಹಬ್ಬಗಳನ್ನೇ ಆರು ತಿಂಗಳು ಸರಿಸಿಕೊಂಡಿದ್ದಾರೆ. ಯೂಲ್ ಬರುವುದು ಜೂನ್‌ನಲ್ಲಿ. ಈ ಧರ್ಮದ ಜೀವ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಕ್ಯಾಲೆಂಡರಿನ ತಾರೀಕಿಗಿಂತ ಕಾಲಡಿಯ ನೆಲ, ತಲೆಮೇಲಿನ ಬಿಸಿಲು ಇವರಿಗೆ ದೊಡ್ಡದು.

ಪೂಜೆಗೆ ಗುಡಿ ಬೇಕಿಲ್ಲ. ಹಿತ್ತಲಲ್ಲೋ ಕೋಣೆಯಲ್ಲೋ ಒಂದು ವೃತ್ತ ಎಳೆದರೆ ಅದೇ ಪವಿತ್ರ ಜಾಗ. ಸಾಮಾನ್ಯವಾಗಿ ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಹುಣ್ಣಿಮೆಗೂ ಸೇರುತ್ತಾರೆ. ಮೇಣದಬತ್ತಿ, ಗಿಡಮೂಲಿಕೆ ಇಟ್ಟು ಮಂತ್ರ ಮಾಡುವುದೂ ಉಂಟು. ಎಲ್ಲರಿಗೂ ಒಬ್ಬ ಗುರು, ಒಂದೇ ಗ್ರಂಥ ಅಂತಿಲ್ಲ. ಹೆಚ್ಚಿನವರು ಒಪ್ಪುವ ನೀತಿ ಒಂದು: ಯಾರಿಗೂ ಕೇಡಾಗದಂತೆ ನಿನ್ನ ಇಷ್ಟದಂತೆ ನಡೆ. ಕೇಳಲು ಸುಲಭ. ಆದರೆ ಹೊಳೆ, ಮರ, ಹಕ್ಕಿಯನ್ನೂ ಆ ‘ಯಾರಿಗೂ’ ಒಳಗೆ ಸೇರಿಸಿಕೊಂಡರೆ ದಿನದ ಬದುಕು ಎಷ್ಟು ಬದಲಾಗಬೇಕು, ಯೋಚಿಸಿ.

ಇವರ ಸಂಖ್ಯೆ ಸಣ್ಣದು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಕ್ಕಾ ಎಂದು ಬರೆಸಿದವರು ಸುಮಾರು 13,000. ಅಮೆರಿಕದಲ್ಲಿ 1986ರಲ್ಲೇ ಒಂದು ಮೇಲ್ಮನವಿ ನ್ಯಾಯಾಲಯ ಇದನ್ನು ಧರ್ಮವೆಂದು ಒಪ್ಪಿತ್ತು. ಆದರೂ ಸತ್ತ ಸೈನಿಕರ ಸಮಾಧಿಕಲ್ಲಿನ ಮೇಲೆ ವಿಕ್ಕಾದ ಐದು ಮೂಲೆಯ ನಕ್ಷತ್ರ ಕೆತ್ತಲು ಸರ್ಕಾರ ಒಪ್ಪಿರಲಿಲ್ಲ. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಸೈನಿಕರೊಬ್ಬರ ಹೆಂಡತಿ ಮತ್ತು ಇತರರು ಕೋರ್ಟಿಗೆ ಹೋದರು. 2007ರಲ್ಲಿ ಸರ್ಕಾರ ಆ ಚಿಹ್ನೆಗೆ ಅನುಮತಿ ಕೊಟ್ಟಿತು.