ರಾಯಚೂರಿನ್ಯಾಗ ಬಿ.ಎಡ್.: ಇಂಗ್ಲಿಷ್ ಟೀಚರ್ ಆಗೋ ಓದು

ಬಿ.ಎ.ದಾಗ ಮೂರು ವರ್ಷ ಇಂಗ್ಲಿಷ್ ಓದಿದೆಲ್ಲ, ಮತ್ತ ಎರಡು ವರ್ಷ ಬಿ.ಎಡ್. ಯಾಕವ್ವ ಅಂತ ನಮ್ಮ ಸೋದರಮಾವ ಹಬ್ಬಕ್ಕೊಮ್ಮೆ ಕೇಳ್ತಾರ. ಮೊದ್ಲ ಒಂದ ವರ್ಷ ಇತ್ತು ಮಾವ, 2015ರಿಂದ ಎರಡು ವರ್ಷ ಆತು ಅಂದ್ರ, "ಹಂಗಾದ್ರ ನೀ ಲೇಟಾಗಿ ಹುಟ್ಟಿದಿ ಬಿಡು" ಅಂತಾರ. ಇವತ್ತಿನ ವಿಡಿಯೋ ಅವರ ಸಲುವಾಗಿ ಅಂತ ತಿಳ್ಕೊಳ್ರಿ.

ಈಗ ನೋಡಾಕತ್ತೀರಲ್ಲ, ಇದು ತೀನ್ ಕಂದೀಲ್ ಕಡೆ ಹೋಗೋ ದಾರಿ. ಚಾರ್ಟ್ ಪೇಪರ್, ಸ್ಕೆಚ್ ಪೆನ್ನು, ಥರ್ಮಾಕೋಲ್ ತರಾಕ ಹೊಂಟೀನಿ. ಪ್ರತಿ ಪಾಠಕ್ಕೂ ಟಿ.ಎಲ್.ಎಂ. ಬೇಕು, ಅಂದ್ರ ಕಲಿಕೋಪಕರಣ. ಬಿ.ಎಡ್. ಹುಡುಗೂರು ಅಂದ್ರ ಸ್ಟೇಷನರಿ ಅಂಗಡಿಯೋರಿಗೆ ಸುಗ್ಗಿ. ಬಿಸಿಲು ಹಿಂಗ ಐತಲ್ಲ, ಥರ್ಮಾಕೋಲ್ ತಲಿ ಮ್ಯಾಲ ಹಿಡ್ಕೊಂಡು ಬಂದ್ರ ಛತ್ರಿ ಖರ್ಚು ಉಳೀತೈತಿ.

ಮಾವನ ಪ್ರಶ್ನೆಗೆ ಬರ್ತೀನಿ. ಬಿ.ಎ.ದಾಗ ನಾವು ಇಂಗ್ಲಿಷ್ ಓದಿದ್ವಿ, ಬರದ್ವಿ. ಮಾತಾಡ್ಲಿಲ್ಲ. ಷೇಕ್ಸ್‌ಪಿಯರ್ ನಾಟಕ ಕನ್ನಡದಾಗ ಹೇಳಿಸ್ಕೊಂಡು, ಗೈಡ್ ನೋಡಿ ಇಂಗ್ಲಿಷಿನ್ಯಾಗ ಬರದು ಪಾಸಾದೋರು ನಾವು. ಫೋನೆಟಿಕ್ಸ್ ಅಂತ ಒಂದು ಪೇಪರ್ ಇತ್ತು. ಅಕ್ಷರ 26, ಆದ್ರ ಧ್ವನಿ 44: ಸ್ವರ 20, ವ್ಯಂಜನ 24, ಒಂದೊಂದಕ್ಕೂ ಒಂದೊಂದು ಚಿಹ್ನೆ. ಚಿಹ್ನೆ ತಪ್ಪಿಲ್ದ ಬರದ್ರ ಮಾರ್ಕ್ಸ್ ಪೂರಾ. ಆ ಧ್ವನಿ ಬಾಯಿ ತೆಗೆದು ಅನ್ನು ನೋಡೋಣ ಅಂತ ಯಾರೂ ಕೇಳ್ಲಿಲ್ಲ. ಹಿಂಗ ಕಲ್ತೋರು ನೇರ ಶಾಲೆಗೆ ಹೋದ್ರ ಏನಾಗ್ತೈತಿ ಹೇಳ್ರಿ? ನಮಗ ಹೆಂಗ ಹೇಳಿಕೊಟ್ರೋ ಹಂಗ ಹೇಳಿಕೊಡ್ತೀವಿ.

ಬಿ.ಎಡ್.ದಾಗ ಆ ಚಾಳಿ ಮುರದಿದ್ದು ಮೈಕ್ರೋ ಟೀಚಿಂಗ್. 1960ರ ದಶಕದಾಗ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಾಗ ಡ್ವೈಟ್ ಆಲನ್ ಮತ್ತ ಅವರ ಜೊತೆಗಾರರು ಶುರು ಮಾಡಿದ ಪದ್ಧತಿ ಇದು. ಐದಾರು ನಿಮಿಷದ ಪಾಠ, ಒಂದು ಪಾಠಕ್ಕ ಒಂದ ಕೌಶಲ. ಇವತ್ತು ಪ್ರಶ್ನೆ ಕೇಳೋದು, ನಾಳೆ ಉದಾಹರಣೆ ಕೊಡೋದು, ನಾಡಿದ್ದು ಬೋರ್ಡ್ ಮ್ಯಾಲ ಬರಿಯೋದು. ಮುಗೀತಿದ್ದಂಗ ಫೀಡ್‌ಬ್ಯಾಕ್, ತಿದ್ದಿಕೊಂಡು ಮತ್ತೊಮ್ಮೆ ಅದ ಪಾಠ. ಎದುರಿಗೆ ಕುಂತ ಮಕ್ಕಳು ಅಂದ್ರ ನಮ್ಮ ಕ್ಲಾಸಿನೋರ. ಎರಡು ಮಕ್ಕಳ ತಾಯಿ ಆದ ಗೆಳತಿ ಎದ್ದು ನಿಂತು "ಟೀಚರ್, ಇವ ನನ್ನ ಪೆನ್ಸಿಲ್ ಕಸ್ಕೊಂಡಾನ" ಅಂತ ಅಳೋ ದನಿ ತೆಗೆದ್ರ ಯಾರು ನಗದ ಇರ್ತಾರ?

ಅಲ್ಲೇ ನನಗ ವೇಟ್ ಟೈಮ್ ಅನ್ನೋದು ತಿಳೀತು. ಮೇರಿ ಬಡ್ ರೋ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ತರಗತಿಗಳ ಟೇಪ್ ಕೇಳಿ ಕಂಡುಹಿಡದಿದ್ದು: ಪ್ರಶ್ನೆ ಕೇಳಿದ ಟೀಚರ್ ಹೆಚ್ಚುಕಡಿಮಿ 1 ಸೆಕೆಂಡ್ ಕಾಯ್ತಾರ, ಅಷ್ಟರಾಗ ಉತ್ತರ ಬರ್ಲಿಲ್ಲ ಅಂದ್ರ ತಾವ ಹೇಳ್ತಾರ, ಇಲ್ಲಾ ಬ್ಯಾರೆ ಹುಡುಗನ್ನ ಎಬ್ಬಿಸ್ತಾರ. ಅದನ್ನ 3 ಸೆಕೆಂಡ್ ಮಾಡಿದ್ರ ಮಕ್ಕಳ ಉತ್ತರ ಉದ್ದ ಆಗ್ತಾವ, ಬಾಯಿ ಬಿಡದ ಮಕ್ಕಳೂ ಬಾಯಿ ಬಿಡ್ತಾವ. ಮೂರು ಸೆಕೆಂಡ್ ಅಂದ್ರ ಏನು ಮಹಾ ಅನ್ಸ್ತೈತಿ ಅಲ್ಲ? ನಲವತ್ತು ಮಕ್ಕಳು ನಿಮ್ಮನ್ನ ನೋಡ್ತಿರುವಾಗ ಸುಮ್ನ ನಿಂತು ನೋಡ್ರಿ ಒಮ್ಮೆ, ಗೊತ್ತಾಗ್ತೈತಿ.

ಈಗ ಇಂಟರ್ನ್‌ಶಿಪ್. ದೇಶದಾಗ ಟೀಚರ್ ತರಬೇತಿಗೆ ನಿಯಮ ಮಾಡೋ ಎನ್.ಸಿ.ಟಿ.ಇ. ಪ್ರಕಾರ ಎರಡು ವರ್ಷದಾಗ ಒಟ್ಟು 20 ವಾರ ಶಾಲೆಯಾಗ ಇರಬೇಕು. ಮಕ್ಕಳ ಮುಖ ತೋರ್ಸಂಗಿಲ್ಲ, ಅದಕ್ಕ ಬರೇ ಬೇವಿನ ಗಿಡ, ಅಂಗಳ ತಗೊಂಡೀನಿ. ನನಗ ಹಾಕಿದ್ದು ಕೃಷ್ಣಾ ನದಿ ಕಡೆ ಹಳ್ಳಿ, ಗಡಿ ಭಾಗ. ಒಂದು ಬೆಂಚಿನ ಮ್ಯಾಲ ಮನೀಗ ತೆಲುಗು ಮಾತಾಡೋ ಹುಡುಗ, ಉರ್ದು ಮಾತಾಡೋ ಹುಡುಗ, ನಮ್ಮ ಕನ್ನಡದ ಹುಡುಗ, ಮೂವರೂ ಕುಂತಿರ್ತಾರ. ಇಂಗ್ಲಿಷ್ ಇವರಿಗೆ ಹೊಸದಲ್ಲ. ಸರ್ಕಾರಿ ಶಾಲೆಯಾಗ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಐತಿ. ಎಂಟನೇ ಕ್ಲಾಸಿನೋರ ನೋಟ್ಸ್ ತೆಗೆದ್ರ ಅಕ್ಷರ ಮುತ್ತು ಪೋಣಿಸಿದಂಗ. ಪ್ರಶ್ನೋತ್ತರ ಎಲ್ಲಾ ಬರದಾರ. ಓದ್ರಿ ಅಂದ್ರ ಓದ್ತಾರ. ಕೇಳಿದ್ರ ಮಾತ್ರ "ಯೆಸ್ ಟೀಚರ್" ಬಿಟ್ಟು ಒಂದು ಸೊಲ್ಲು ಇಲ್ಲ.

ಹತ್ತಿ ಬಿಡಿಸೋ ಸುಗ್ಗಿ ಆಗ. ಹಾಜರಿ ಅರ್ಧಕ್ಕ ಅರ್ಧ. ಪಾಠ ಬದಿಗಿಟ್ಟು "ವಾಟ್ ಡಿಡ್ ಯು ಡೂ ಯೆಸ್ಟರ್‌ಡೇ?" ಅಂತ ಕೇಳಿದೆ. ಯಾರೂ ಮಾತಾಡ್ಲಿಲ್ಲ. ನಾನೂ ಮಾತಾಡ್ಲಿಲ್ಲ. ಮೂರಲ್ಲ, ಹತ್ತು ಸೆಕೆಂಡ್ ಆಗಿರಬೇಕು. ಹಿಂದಿನ ಬೆಂಚಿಂದ ಒಬ್ಬ "ಕಾಟನ್" ಅಂದ. ಕಾಯ್ದೆ. "ಕಾಟನ್ ಪಿಕ್ಕಿಂಗ್, ಟೀಚರ್." ಇನ್ನೂ ಸ್ವಲ್ಪ ಕಾಯ್ದೆ. "ಮೈ ಮದರ್, ಐ, ಸಿಸ್ಟರ್. ಆಲ್ ಕಾಟನ್ ಪಿಕ್ಕಿಂಗ್." ಅಷ್ಟ ಆತ್ರಿ! ಇನ್ನೊಬ್ಬಾಕಿ "ಐ ಗೋ ಗದ್ವಾಲ್" ಅಂದಳು, ಮಾಮನ ಮನಿಗೆ ಹೋಗಿದ್ದಳಂತ. "ಬಸ್? ಟ್ರೇನ್?" ಅಂತ ನಾ ಕೇಳೋದ್ರೊಳಗ ಮುಂದಿನ ಬೆಂಚಿನ ಹುಡುಗನ ಕೇಳಿಬಿಟ್ಟ, ಅದೂ ಇಂಗ್ಲಿಷಿನ್ಯಾಗ. ವ್ಯಾಕರಣ ಇತ್ತೇನು? ಇಲ್ಲ. ಕ್ರಿಯಾಪದದ ಕಾಲ ಆಮ್ಯಾಲ ಬೋರ್ಡ್ ಮ್ಯಾಲ ತಿದ್ದಿದ್ವಿ, ಅವರವರ ವಾಕ್ಯನ ಇಟ್ಕೊಂಡು. ಪುಸ್ತಕದ ವಾಕ್ಯಕ್ಕಿಂತ ಬೇಗ ಹತ್ತೈತಿ, ಯಾಕಂದ್ರ ಹೋಗಿ ಬಂದೋಳು ಅಲ್ಲೇ ಕುಂತಾಳ.

ಅವತ್ತು ಪಾಠ ನೋಡಿದೋರು ನನ್ನ ಆಬ್ಸರ್ವೇಷನ್ ಪುಸ್ತಕದಾಗ ಏನು ಬರದ್ರು ಗೊತ್ತೇನು? "ತರಗತಿ ನಿಯಂತ್ರಣ ಸುಧಾರಿಸಬೇಕು." ಗದ್ದಲ ಆಗಿದ್ದು ಖರೇನ. ಸಹಿ ಮಾಡಿಸ್ಕೊಂಡೆ, ಒಪ್ಕೊಳ್ಳಿಲ್ಲ. ನಮ್ಮಲ್ಲಿ ಮಕ್ಕಳು ಸುಮ್ನ ಕುಂತ್ರ ಒಳ್ಳೆ ಪಾಠ ಅಂತ ಲೆಕ್ಕ. ಗಣಿತಕ್ಕ ಅದು ನಡೀಬಹುದು, ಭಾಷಾ ಪಾಠಕ್ಕ ಹೆಂಗ ನಡೀತೈತಿ? ಲೆಸನ್ ಪ್ಲಾನಿನ್ಯಾಗ "5E" ಅಂತ ಐದು ಕಾಲಂ ಇರ್ತಾವ (ಎಂಗೇಜ್, ಎಕ್ಸ್‌ಪ್ಲೋರ್, ಎಕ್ಸ್‌ಪ್ಲೇನ್, ಎಲಾಬರೇಟ್, ಇವ್ಯಾಲ್ಯುಯೇಟ್), ಅವನ್ನ ತುಂಬೋ ವ್ಯಾಳ್ಯಾದಾಗ ಅರ್ಧ ವ್ಯಾಳ್ಯಾ ಮಕ್ಕಳ ಮಾತು ಕೇಳಾಕ ಕೊಟ್ರ ಸಾಕು ಅನ್ನೋದು ನನ್ನ ವಾದ. ಮಾರ್ಕ್ಸ್ ಕೊಡೋರು ಮಾತ್ರ ಕಾಲಂ ನೋಡ್ತಾರ.

ಮುಂದ ಏನು ಅಂತ ಭಾಳ ಮಂದಿ ಕೇಳೀರಿ. ಆಸೆ ಅಂದ್ರ ಹೈದರಾಬಾದಿನ ಇಫ್ಲು, ಅಂದ್ರ ಇಂಗ್ಲಿಷ್ ಮತ್ತ ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ನಮಗ ಬೆಂಗಳೂರಿಗಿಂತ ಅದ ಹತ್ರ. 1958ರಾಗ ಇಂಗ್ಲಿಷ್ ಟೀಚರ್‌ಗಳ ತರಬೇತಿಗೆ ಅಂತ ಶುರುವಾದ ಸಂಸ್ಥೆ, ಈಗ ಕೇಂದ್ರೀಯ ವಿಶ್ವವಿದ್ಯಾಲಯ. ನಮ್ಮ ವಿ.ಕೃ. ಗೋಕಾಕರು ಅಲ್ಲಿ ಡೈರೆಕ್ಟರ್ ಆಗಿದ್ರು. ಮುಂದ ಶಾಲೆಯಾಗ ಕನ್ನಡನ ಪ್ರಥಮ ಭಾಷೆ ಆಗಬೇಕು ಅಂತ ವರದಿ ಕೊಟ್ಟೋರೂ ಅವರ. ಇಂಗ್ಲಿಷ್ ಕಲಿತ್ರ ಕನ್ನಡ ಹೋಗ್ತೈತಿ ಅನ್ನೋರಿಗೆ ನಾ ಇಷ್ಟ ಹೇಳಿ ಸುಮ್ನಾಗ್ತೀನಿ.

ಆದ್ರ ಮೊದ್ಲ ಟಿ.ಇ.ಟಿ., ಅಂದ್ರ ಶಿಕ್ಷಕರ ಅರ್ಹತಾ ಪರೀಕ್ಷೆ ಆಗಬೇಕು. 150 ಪ್ರಶ್ನೆ, 150 ಮಾರ್ಕ್ಸ್. ಆರರಿಂದ ಎಂಟನೇ ಕ್ಲಾಸಿಗೆ ಪಾಠ ಮಾಡಾಕ ಎರಡನೇ ಪತ್ರಿಕೆ ಬರೀಬೇಕು. ಅದರಾಗ ಇಂಗ್ಲಿಷಿಗೆ ಬರೇ 30. ಮನೋವಿಜ್ಞಾನ 30, ಕನ್ನಡ 30, ಉಳಿದ 60 ಗಣಿತ-ವಿಜ್ಞಾನ ಇಲ್ಲಾ ಸಮಾಜ ವಿಜ್ಞಾನ. ಹಂಗಾಗಿ ಇಂಗ್ಲಿಷ್ ಟೀಚರ್ ಆಗಾಕ ಹೊಂಟಾಕಿ ಈಗ ಮಾನ್ಸೂನ್ ಮಾರುತ, ಬಹಮನಿ ಸುಲ್ತಾನರು ಅಂತ ಓದ್ಕೊಂಡು ಕುಂತೀನಿ. ನನ್ನ ವರ್ಗಕ್ಕ ಪಾಸಾಗಾಕ 90 ಬೇಕು. ಒಮ್ಮೆ ಪಾಸಾದ್ರ ಸರ್ಟಿಫಿಕೇಟ್ ಜೀವನ ಪೂರ್ತಿ ನಡೀತೈತಿ, ಅದೊಂದು ಸಮಾಧಾನ.

ಇನ್ನೊಂದು, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯೋರು ಕೇಳ್ರಿ. ಸಂವಿಧಾನದ 371ಜೆ ಕಲಂನಾಗ ನಮ್ಮ ಕಲ್ಯಾಣ ಕರ್ನಾಟಕಕ್ಕ ಮೀಸಲಾತಿ ಐತಿ; ಅದರ ಸರ್ಟಿಫಿಕೇಟ್ ಇದ್ರ ಗ್ರೂಪ್ ಸಿ ಸ್ಥಳೀಯ ಹುದ್ದೆಗಳಾಗ ನೂರಕ್ಕ 80 ನಮ್ಮ ಭಾಗದೋರಿಗೆ. ಅದನ್ನ ಕೊಡೋದು ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಆಫೀಸ್. ನೇಮಕಾತಿ ಕರೆದ ಮ್ಯಾಲ ಓಡಿದ್ರ ಅಲ್ಲಿ ನಿಲ್ಲಾಕ ಜಾಗ ಇರಂಗಿಲ್ಲ, ಈಗಲೇ ಮಾಡಿಸಿ ಇಟ್ಕೊಳ್ರಿ. ಮುಂದಿನ ವಿಡಿಯೋದಾಗ ನನ್ನ ಸಮಾಜ ವಿಜ್ಞಾನದ ನೋಟ್ಸ್ ತೋರಿಸ್ತೀನಿ, ಬೇಕಾದೋರು ಸ್ಕ್ರೀನ್‌ಶಾಟ್ ತಗೊಳ್ರಿ.